ಮಂದ್ರದ ಭಾರ

ಅರಸೀಕೆರೆಯ ತರುಣನೊಬ್ಬ ಗಣೇಶೋತ್ಸವದ ಆರ್ಕೆಸ್ಟ್ರಾಕ್ಕೆ ಸೇರುವ ಆಸೆಯಿಂದ ಮೊದಲ ಬಾರಿಗೆ ಬೇಸ್ ಗಿಟಾರ್ ಕೊಳ್ಳಹೊರಟಿದ್ದಾನೆಂದು ಇಟ್ಟುಕೊಳ್ಳೋಣ. ಕೈಯಲ್ಲಿರುವುದು ವರ್ಷಗಟ್ಟಲೆ ಕೂಡಿಟ್ಟ ಒಂದೇ ಗಂಟು. ಅದರಲ್ಲಿ ಗಿಟಾರಿಗೆಷ್ಟು, ಆಂಪ್ಲಿಫೈಯರಿಗೆಷ್ಟು? ತಪ್ಪಿದರೆ ಮತ್ತೆ ಕೂಡಿಡಲು ಇನ್ನೆಷ್ಟು ವರ್ಷವೋ! ಬೆಂಗಳೂರಿನ ರೈಲು ಹತ್ತುವ ಮೊದಲು ಅವನು ಬಾಣಾವರದ ದಾರಿಯಾಗಿ ಹಳೇಬೀಡಿಗೂ ಬೇಲೂರಿಗೂ ಒಮ್ಮೆ ಹೋಗಿಬರಲಿ ಎಂದು ನನ್ನ ಸಲಹೆ. ಇದು ನಗೆಯ ಮಾತಲ್ಲ.

ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದುದು ೧೧೧೭ರಲ್ಲಿ. ಹಳೇಬೀಡಿನ ಹೊಯ್ಸಳೇಶ್ವರದ ಕೆಲಸ ಮೊದಲಾದುದು ಅದಾದ ಕೆಲವೇ ವರ್ಷಗಳಲ್ಲಿ. ಎರಡೂ ಕಡೆ ಕಲ್ಲಿನಲ್ಲಿ ಸಂಗೀತಗಾರರ ದೊಡ್ಡ ಮೇಳವೇ ನೆರೆದಿದೆ: ಮದ್ದಳೆ, ತಾಳ, ಕೊಳಲು, ವೀಣೆ. ಕಣ್ಣು ಸಹಜವಾಗಿ ಮದನಿಕೆಯರ ಬಳುಕಿನ ಕಡೆಗೆ ಹೋಗುತ್ತದೆ. ನಮ್ಮ ತರುಣ ವೀಣೆಗಳನ್ನು ನೋಡಲಿ. ದಂಡಿಗೆ ಸೋರೆಬುರುಡೆ ಕಟ್ಟಿದೆ. ಅದು ಅಲಂಕಾರವಲ್ಲ. ತಂತಿ ತೆಳ್ಳಗಿನ ವಸ್ತು. ತಾನೊಂದೇ ಮಿಡಿದರೆ ಗಾಳಿಯನ್ನು ಅಲುಗಿಸಲಾರದು. ಅದಕ್ಕೊಂದು ಮೈ ಬೇಕು. ಹೊಯ್ಸಳರ ನೆರೆಯ ದೇವಗಿರಿಯ ಆಸ್ಥಾನದಲ್ಲಿ ೧೩ನೆಯ ಶತಮಾನದಲ್ಲಿ 'ಸಂಗೀತರತ್ನಾಕರ'ವನ್ನು ಬರೆದ ಶಾರ್ಙ್ಗದೇವನು ಮಂದ್ರವನ್ನು ಹೃದಯದಲ್ಲಿಯೂ ಮಧ್ಯವನ್ನು ಕಂಠದಲ್ಲಿಯೂ ತಾರವನ್ನು ಶಿರಸ್ಸಿನಲ್ಲಿಯೂ ಇರಿಸಿದನು. ಒಂದಕ್ಕಿಂತ ಮುಂದಿನದು ಇಮ್ಮಡಿ. ಅಂದರೆ ಕೆಳಗಿಳಿದಷ್ಟೂ ಕಂಪನ ಅರ್ಧಕ್ಕರ್ಧ ಇಳಿಯುತ್ತದೆ.

ಈ ಅರ್ಧ ಮಾಡುವುದೇ ಕಷ್ಟದ ಕೆಲಸ. ಬಿಗಿತ, ದಪ್ಪ ಬದಲಾಗದಿದ್ದರೆ ತಂತಿಯ ಉದ್ದವನ್ನು ಎರಡರಷ್ಟು ಮಾಡಬೇಕು. ಉದ್ದವನ್ನು ಹಾಗೆಯೇ ಇಟ್ಟರೆ ತೂಕವನ್ನು ನಾಲ್ಕರಷ್ಟು ಮಾಡಬೇಕು. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು ೪೧ ಸಲ ಕಂಪಿಸುತ್ತದೆ. ನಮ್ಮ ಪುರುಷ ಗಾಯಕರ ಮಧ್ಯಷಡ್ಜ ೧೩೦ರ ಆಸುಪಾಸಿನಲ್ಲಿದ್ದರೆ ಮಂದ್ರಷಡ್ಜ ೬೫. ಇದು ಅದಕ್ಕೂ ಕೆಳಗೆ. ಇಂಥ ಸ್ವರಕ್ಕಾಗಿ ಪಾಶ್ಚಾತ್ಯರು ಕಟ್ಟಿದ ಡಬಲ್ ಬೇಸ್ ಆಳಿಗಿಂತ ಎತ್ತರ. ಅದನ್ನು ನಿಂತು ಇಲ್ಲವೆ ಎತ್ತರದ ಪೀಠದಲ್ಲಿ ಕುಳಿತು ನುಡಿಸಬೇಕು. ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತುವ ವಾದ್ಯವಂತೂ ಅಲ್ಲ.

ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ'ಯನ್ನು ಆರಂಭಿಸಿದ ದಶಕದಲ್ಲೇ ಅಮೆರಿಕದ ಸಿಯಾಟಲ್‌ನಲ್ಲಿ ಪಾಲ್ ಟಟ್‌ಮಾರ್ಕ್ ಎಂಬವರು ವಿದ್ಯುತ್ ಬೇಸೊಂದನ್ನು ಮಾಡಿದರು. ಎರಡಕ್ಕೂ ಜೀವ ಕೊಟ್ಟದ್ದು ವಾಲ್ವ್. ಆದರೆ ಟಟ್‌ಮಾರ್ಕರ ವಾದ್ಯ ಆಗ ಹರಡಲಿಲ್ಲ. ಹರಡಿದ್ದು ಲಿಯೋ ಫೆಂಡರ್ ೧೯೫೧ರಲ್ಲಿ ತಂದ ಪ್ರೆಸಿಷನ್ ಬೇಸ್: ತಂತಿಯ ಉದ್ದ ೩೪ ಅಂಗುಲ, ಮೈಯೋ ಟೊಳ್ಳಿಲ್ಲದ ಮರದ ಹಲಗೆ. ಬುರುಡೆ ಮಾಯವಾಯಿತಲ್ಲ, ಅದರ ಕೆಲಸ ಎಲ್ಲಿ ಹೋಯಿತು? ಅದೇ ಕಂಪೆನಿ ಮರುವರ್ಷ, ೧೯೫೨ರಲ್ಲಿ, ಬಾಸ್‌ಮನ್ ಎಂಬ ಆಂಪ್ಲಿಫೈಯರನ್ನು ಹೊರತಂದಿತು. ಬುರುಡೆ ಹೋಗಿ ಪೆಟ್ಟಿಗೆ ಬಂತು, ಅಷ್ಟೆ. ಭಾರ ಕಡಮೆಯಾಗಲಿಲ್ಲ, ಹೆಗಲಿನಿಂದ ನೆಲಕ್ಕಿಳಿಯಿತು.

ನಮ್ಮ ಊರುಗಳಲ್ಲಿ ಇದನ್ನು ಮರೆತದ್ದರ ಫಲ ಬಹುಕಾಲ ಕೇಳಿಬಂತು, ಅಥವಾ ಕೇಳಿಬರಲಿಲ್ಲ ಎನ್ನಬೇಕು. ಉತ್ಸವಕ್ಕೆಂದು ಬಾಡಿಗೆಗೆ ತರುತ್ತಿದ್ದ ಮೈಕ್ ಸೆಟ್ಟಿನ ಗಾಲಿಬಾಯಿಯ ಹಾರ್ನು ಭಾಷಣವನ್ನು ಎರಡು ಮೈಲಿಯಾಚೆಗೂ ಒಯ್ದೀತು. ಆದರೆ ಅದರ ಬಾಯಿ ಮಂದ್ರಕ್ಕೆ ತೀರ ಚಿಕ್ಕದು. ಬೇಸ್ ವಾದಕ ಬೆರಳು ಸವೆಯುವವರೆಗೆ ಮಿಡಿದರೂ ತೆಂಗಿನ ತೋಟಕ್ಕೆ ತಲಪುತ್ತಿದ್ದದ್ದು ಬರಿಯ ಟಕಟಕ. ಇತ್ತ ಚಿತ್ರಸಂಗೀತದಲ್ಲಿ ಬೇಸ್ ಬಲಿಯುತ್ತಿತ್ತು. ಜಿ. ಕೆ. ವೆಂಕಟೇಶರ ಬಳಿ ಸಹಾಯಕರಾಗಿದ್ದ ಇಳಯರಾಜಾ ೧೯೮೧ರ 'ಗೀತಾ' ಚಿತ್ರಕ್ಕೆ ಕೊಟ್ಟ ಹಾಡುಗಳಲ್ಲಿ ಬೇಸ್ ತಾಳದ ಹಿಂದೆ ಅಡಗಿ ಕೂರುವುದಿಲ್ಲ. ತನ್ನದೇ ರಾಗ ಹಿಡಿದು ನಡೆಯುತ್ತದೆ. ಅಂಥ ಹಾಡನ್ನು ಹಾರ್ನಿನಲ್ಲಿ ಕೇಳಿಸುವುದು ಮದನಿಕೆಯ ಚಿತ್ರಕ್ಕೆ ಸೊಂಟದ ಕೆಳಗೆ ಮಸಿ ಬಳಿದಂತೆ.

ಇನ್ನು ಕೊಳ್ಳುವ ಮಾತು. ನಾಲ್ಕು ತಂತಿ ಸಾಕು. ೩೪ ಅಂಗುಲಕ್ಕೆ ಬೆರಳು ಎಟುಕದಿದ್ದರೆ ೩೦ ಅಂಗುಲದ್ದೂ ಆದೀತು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ೧೯೬೧ರಲ್ಲಿ, ಫೆಂಡರಿನ ಬೆಲೆ ಮೀರಿದ್ದರಿಂದ, ಹ್ಯಾಂಬರ್ಗಿನಲ್ಲಿ ಕೊಂಡ ಹಾಫ್ನರ್ ಸುಮಾರು ಅದೇ ಉದ್ದದ್ದು. ಅದರಿಂದ ಅವರಿಗೇನೂ ಕೊರತೆಯಾಗಲಿಲ್ಲ. ಬಣ್ಣ ನೋಡಬೇಡ. ದಂಡಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ತಿರುಚಿಲ್ಲವೆಂದು ನೋಡು, ಮೆಟ್ಟುಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ತಂತಿ ಗರಗರ ಎನ್ನುವುದೇ ಎಂದು ಕೇಳು, ಬಿರಡೆ ಜಾರಬಾರದು. ಇಷ್ಟು ಸರಿಯಿದ್ದರೆ ಸಾಧಾರಣ ಬೆಲೆಯದೇ ಸಾಕು.

ಉಳಿದ ಹಣವನ್ನು ಪೆಟ್ಟಿಗೆಗೆ ಇಡು. ಮನೆಯ ಅಭ್ಯಾಸಕ್ಕೆ ೨೫ರಿಂದ ೪೦ ವಾಟ್ ಸಾಕು. ಡ್ರಮ್ ಸೆಟ್ಟಿನ ಪಕ್ಕದಲ್ಲಿ ನಿಲ್ಲುವುದಾದರೆ ನೂರಕ್ಕೆ ಕಡಮೆಯಾಗಬಾರದು, ಇನ್ನೂರಾದರೆ ನೆಮ್ಮದಿ. ಸ್ಪೀಕರು ೧೨ ಇಲ್ಲವೆ ೧೫ ಅಂಗುಲದ್ದಿರಲಿ. ಮಂಟಪದ ಧ್ವನಿವ್ಯವಸ್ಥೆಗೆ ನೇರ ತಂತಿ ಕೊಡುವ ರಂಧ್ರವಿದ್ದರೆ ಚಿಕ್ಕ ಪೆಟ್ಟಿಗೆಯಲ್ಲೂ ಕೆಲಸ ಸಾಗುತ್ತದೆ. ಗೆಳೆಯನ ಸಾಧಾರಣ ಗಿಟಾರಿನ ಆಂಪ್ಲಿಫೈಯರಿಗೆ ಬೇಸನ್ನು ಜೋಡಿಸಿ ಸದ್ದು ಏರಿಸಿದರೆ ಅದರ ಸ್ಪೀಕರ್ ಹರಿದುಹೋದೀತು, ಗೆಳೆತನವೂ. ಮೂರು ಕಡ್ಡಿಯ ಪ್ಲಗ್ಗಿನ ಭೂಸಂಪರ್ಕದ ಕಡ್ಡಿಯನ್ನು ಮುರಿದು ಎರಡು ತೂತಿಗೆ ತುರುಕುವ ಅಭ್ಯಾಸ ಹಲವರಲ್ಲಿದೆ. ತಂತಿ ಹಿಡಿದ ಕೈ ಲೋಹಕ್ಕೇ ಅಂಟಿರುವ ವಾದ್ಯವಿದು; ಅದನ್ನು ಮಾತ್ರ ಮಾಡಬೇಡ.

ಅಂಗಡಿಯಲ್ಲಿ ದಪ್ಪ ತಂತಿಯನ್ನು ಬರಿದಾಗಿ ಮಿಡಿದು, ಪೆಟ್ಟಿಗೆಯಿಂದ ಹತ್ತು ಹೆಜ್ಜೆ ದೂರ ಹೋಗಿ ನಿಂತು ಕೇಳು. ಹಿಂದಿರುಗುವಾಗ ರೈಲಿಗೆ ಒಬ್ಬ ಗೆಳೆಯ ಜೊತೆಗಿರಲಿ. ಗಿಟಾರ್ ನಿನ್ನ ಹೆಗಲಿಗೆ, ಪೆಟ್ಟಿಗೆಯ ಒಂದು ಹಿಡಿ ಅವನ ಕೈಗೆ.