ತಲೆಸ್ನಾನ

ತಲೆಸ್ನಾನವೆಂದರೆ ನೆತ್ತಿಯ ಚರ್ಮಕ್ಕೂ ಕೂದಲಿಗೂ ಅಂಟಿದ ಜಿಡ್ಡು, ಬೆವರು, ಧೂಳು, ಹೊಟ್ಟುಗಳನ್ನು ತೊಳೆದು, ತೊಳೆದ ಕೂದಲು ಒರಟಾಗದಂತೆ, ಸಿಕ್ಕುಗಟ್ಟದಂತೆ ಹದಗೊಳಿಸುವ ಕ್ರಮ. ದಿನನಿತ್ಯದ ಮೈಸ್ನಾನದಿಂದ ಬೇರೆಯಾಗಿ ವಾರಕ್ಕೊಮ್ಮೆಯೋ ಎರಡು ಸಲವೋ ತಲೆಗೆ ಎರೆದುಕೊಳ್ಳುವುದು ಕನ್ನಡ ನಾಡಿನ ಹಳೆಯ ರೂಢಿ. ಎಣ್ಣೆ–ಸೀಗೆಯಲ್ಲಾಗಲಿ, ಶಾಂಪೂ–ಕಂಡಿಷನರ್‌ನಲ್ಲಾಗಲಿ ಕೆಲಸ ಎರಡೇ: ತೊಳೆಯುವುದು, ಹದಗೊಳಿಸುವುದು. ತೊಳೆಯುವುದು ಮುಖ್ಯವಾಗಿ ನೆತ್ತಿಗಾಗಿ, ಹದಗೊಳಿಸುವುದು ಕೂದಲಿನ ಉದ್ದಕ್ಕಾಗಿ. ಇವೆರಡನ್ನು ಅದಲುಬದಲು ಮಾಡಿ, ತುದಿಗೂದಲನ್ನು ನೊರೆಯಲ್ಲಿ ತಿಕ್ಕಿ ನೆತ್ತಿಗೆ ಕಂಡಿಷನರ್ ಮೆತ್ತುವುದರಿಂದಲೇ ಅರ್ಧಕ್ಕರ್ಧ ತೊಂದರೆಗಳು ಹುಟ್ಟುತ್ತವೆ.

ಕೂದಲಿನ ರಚನೆ

ಕೂದಲಿಗೆ ಜೀವವಿರುವುದು ಚರ್ಮದೊಳಗಿನ ರೋಮಕೂಪದಲ್ಲಿ ಮಾತ್ರ. ಹೊರಗೆ ಕಾಣುವ ಎಳೆ ಕೆರಾಟಿನ್ ಎಂಬ ಪ್ರೋಟೀನಿನಿಂದಾದ ನಿರ್ಜೀವ ವಸ್ತು. ಅದು ತಿಂಗಳಿಗೆ ಸುಮಾರು 1 ಸೆಂ.ಮೀ.ನಷ್ಟು ಬೆಳೆಯುತ್ತದೆ. ಹಾಗಾಗಿ ಸೊಂಟ ಮುಟ್ಟುವ ಜಡೆಯ ತುದಿಗೆ ಐದಾರು ವರ್ಷದ ವಯಸ್ಸು. ಅಷ್ಟರಲ್ಲಿ ಅದು ನೂರಾರು ತಲೆಸ್ನಾನಗಳನ್ನೂ ಸಾವಿರಾರು ಬಾರಿ ಬಾಚಣಿಗೆಯನ್ನೂ ಕಂಡಿರುತ್ತದೆ. ಗಾಯವಾದರೆ ಚರ್ಮ ಮಾಯುತ್ತದೆ, ಕೂದಲಿಗೆ ಆ ಶಕ್ತಿಯಿಲ್ಲ. ಸೀಳಿದ ತುದಿಯನ್ನು ಯಾವ ಎಣ್ಣೆಯೂ ಯಾವ ಕ್ರೀಮೂ ಮತ್ತೆ ಕೂಡಿಸಲಾರದು, ಕತ್ತರಿಸುವುದೊಂದೇ ದಾರಿ. ಕೂದಲಿಗೆ ಪೋಷಣೆ ಸಿಗುವುದು ಊಟದಿಂದ, ರಕ್ತದ ಮೂಲಕ, ಬುಡಕ್ಕೆ. ಹೊರಗಿನಿಂದ ಮಾಡಬಹುದಾದದ್ದು ಇರುವುದನ್ನು ಕೆಡದಂತೆ ಕಾಯುವುದಷ್ಟೆ, ಮತ್ತು ಅದು ಸಣ್ಣ ಕೆಲಸವಲ್ಲ.

ಎಳೆಯ ಹೊರಪದರದಲ್ಲಿ ತೆಳುವಾದ ಹುರುಪೆಗಳು ಮಾಡಿನ ಹೆಂಚಿನ ಹಾಗೆ ಒಂದರ ಮೇಲೊಂದು ತುದಿಯ ಕಡೆಗೆ ಇಳಿಬಿದ್ದಿರುತ್ತವೆ. ಇವು ಒತ್ತಾಗಿ ಮಲಗಿದ್ದರೆ ಕೂದಲು ಹೊಳೆಯುತ್ತದೆ, ಬೆರಳಿಗೆ ನುಣುಪಾಗಿ ಸಿಗುತ್ತದೆ. ಎದ್ದು ನಿಂತರೆ ಒಂದೆಳೆ ಇನ್ನೊಂದಕ್ಕೆ ಸಿಕ್ಕಿಕೊಳ್ಳುತ್ತದೆ. ಹುರುಪೆಗಳ ಮೇಲೆ ಹುಟ್ಟಿನಿಂದಲೇ ಒಂದು ತೆಳ್ಳನೆಯ ಕೊಬ್ಬಿನ ಲೇಪವಿದ್ದು ಅದು ನೀರನ್ನು ದೂರವಿಡುತ್ತದೆ. ಬಣ್ಣ ಹಾಕಿಸುವುದು, ಬ್ಲೀಚ್, ರಾಸಾಯನಿಕವಾಗಿ ನೇರಗೊಳಿಸುವುದು ಈ ಲೇಪವನ್ನು ಕಿತ್ತುಹಾಕುತ್ತವೆ. ಆಮೇಲೆ ಕೂದಲು ನೀರನ್ನು ಹೀರುವುದೂ ಹೆಚ್ಚು, ಒರಟಾಗುವುದೂ ಹೆಚ್ಚು.

ಆರೋಗ್ಯವಂತ ಕೂದಲು ಸಹ ತನ್ನ ತೂಕದ ಶೇ. 30ರವರೆಗೆ ನೀರು ಹೀರಿ ಉಬ್ಬುತ್ತದೆ. ಒಳಗಿನ ಜಲಜನಕ ಬಂಧಗಳು ಆಗ ಸಡಿಲವಾಗುವುದರಿಂದ ಎಳೆ ಸುಲಭವಾಗಿ ಜಗ್ಗುತ್ತದೆ, ಹೆಚ್ಚು ಜಗ್ಗಿದರೆ ತುಂಡಾಗುತ್ತದೆ. ಒದ್ದೆ ತಲೆಯನ್ನು ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಎಳೆಯಬಾರದು ಎಂಬ ಮನೆಮಾತಿಗೆ ಕಾರಣ ಇದೇ.

ನೆತ್ತಿಯ ವಿಷಯ ಬೇರೆ. ಅದು ಜೀವಂತ ಚರ್ಮ. ಪ್ರತಿ ರೋಮಕೂಪದ ಪಕ್ಕದಲ್ಲಿರುವ ಗ್ರಂಥಿ ಬಿಡುವಿಲ್ಲದೆ ಜಿಡ್ಡು ಸುರಿಸುತ್ತದೆ. ಬೆವರು, ಹೊಗೆ, ಸತ್ತ ಚರ್ಮದ ಚೂರು ಇದರಲ್ಲಿ ಕಲೆತು ಕೂರುತ್ತವೆ. ತೊಳೆಯಬೇಕಾದದ್ದು ಇದನ್ನು.

ಸೀಗೆ, ಅಂಟುವಾಳ

ಶಾಂಪೂ ಬರುವ ಮೊದಲು ದಕ್ಷಿಣ ಭಾರತದ ಬಚ್ಚಲುಗಳಲ್ಲಿ ಆಳಿದ್ದು ಸೀಗೆಕಾಯಿ. ಇದು ಫ್ಯಾಬೇಸಿಯೇ ಕುಟುಂಬದ, ಕೊಕ್ಕೆಮುಳ್ಳುಗಳಿಂದ ಮರವನ್ನು ಹಿಡಿದು ಹತ್ತುವ ದೊಡ್ಡ ಬಳ್ಳಿಯ ಕಾಯಿ. ಸಸ್ಯಶಾಸ್ತ್ರಜ್ಞರು ಇದನ್ನು ಬಹುಕಾಲ ಅಕೇಸಿಯ ಕನ್ಸಿನ್ನ ಎಂದು ಕರೆದು ಈಗ ಸೆನೆಗಾಲಿಯ ರುಗೇಟ ಎಂಬ ಹೆಸರಿನಡಿ ಸೇರಿಸಿದ್ದಾರೆ. ಪಶ್ಚಿಮ ಘಟ್ಟದ ಕಾಡುಗಳಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಇದು ತಾನಾಗಿ ಬೆಳೆಯುತ್ತದೆ. ಎಳೆಯ ಚಿಗುರು ಹುಳಿಯಾಗಿದ್ದು ಅಡುಗೆಗೂ ಒದಗುತ್ತದೆ.

ಬಿಳಿಗಿರಿರಂಗನ ಬೆಟ್ಟದ ಆದಿವಾಸಿಗಳಾದ ಸೋಲಿಗರಿಗೆ ಜೇನು, ನೆಲ್ಲಿಕಾಯಿ, ಅಂಟುವಾಳಗಳ ಜೊತೆ ಸೀಗೆಯೂ ಜೀವನೋಪಾಯ. ಕಾಡಿನಲ್ಲಿ ಆಯ್ದ ಕಾಯಿಯನ್ನು ಅವರು ಲ್ಯಾಂಪ್ಸ್ ಎಂಬ ಆದಿವಾಸಿ ಸಹಕಾರ ಸಂಘಗಳಿಗೆ ತಂದು ಹಾಕುತ್ತಿದ್ದರು. 2000ದ ದಶಕದ ಮಧ್ಯಭಾಗದಲ್ಲಿ ಅಭಯಾರಣ್ಯದೊಳಗಿನ ಕಿರು ಅರಣ್ಯ ಉತ್ಪನ್ನಗಳ ಮಾರಾಟಕ್ಕೆ ತಡೆ ಬಿದ್ದು ಈ ಸಂಪಾದನೆ ಕಡಿದುಹೋಯಿತು. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅವರ ಪೋಡುಗಳಿಗೆ, ಅಂದರೆ ಹಾಡಿಗಳಿಗೆ, ಸಾಮುದಾಯಿಕ ಅರಣ್ಯ ಹಕ್ಕು ಸಿಕ್ಕಿತು. ಪೇಟೆಯಲ್ಲಿ ಪೊಟ್ಟಣವಾಗಿ ಸಿಗುವ ಸೀಗೆಪುಡಿಯ ಹಿಂದೆ ಇಂಥ ಕೈಗಳಿವೆ ಎಂಬುದನ್ನು ಕೊಳ್ಳುವವರು ತಿಳಿದಿರಬೇಕು.

ಸೀಗೆಯಲ್ಲಿ ತೊಳೆಯುವ ಗುಣ ಬಂದಿರುವುದು ಸಪೋನಿನ್‌ಗಳಿಂದ. ಈ ಅಣುವಿನ ಒಂದು ಭಾಗ ನೀರಿಗೆ ಒಲಿಯುತ್ತದೆ, ಇನ್ನೊಂದು ಎಣ್ಣೆಗೆ. ಹೀಗೆ ಎರಡರ ನಡುವೆ ನಿಂತು ಜಿಡ್ಡನ್ನು ನೀರಿನೊಂದಿಗೆ ಸಾಗಹಾಕುತ್ತದೆ. ಅಂಟುವಾಳದ ಸಿಪ್ಪೆಯಲ್ಲಿರುವುದೂ ಸಪೋನಿನ್ನೇ. ಅದರ ನೊರೆ ಸೀಗೆಗಿಂತ ಜೋರು, ಜಿಡ್ಡು ಕೀಳುವುದೂ ಜೋರು. ಆದ್ದರಿಂದ ಅದನ್ನು ಒಂದೆರಡು ಕಾಯಿಯಷ್ಟೇ ಬೆರೆಸುವುದು ವಾಡಿಕೆ. ಎರಡರ ರಸವೂ ತುಸು ಆಮ್ಲೀಯ. ಇದು ಮಹತ್ವದ ಸಂಗತಿ. ನೆತ್ತಿಯ ಪಿಎಚ್ ಸುಮಾರು 5.5, ಮೈಸೋಪಿನದು 9ರಿಂದ 10. ಕ್ಷಾರದಲ್ಲಿ ಕೂದಲು ಉಬ್ಬಿ ಹುರುಪೆಗಳು ಏಳುತ್ತವೆ, ಹಗುರ ಆಮ್ಲದಲ್ಲಿ ಅವು ಮಲಗುತ್ತವೆ. ಸೋಪಿನಲ್ಲಿ ತಲೆ ತೊಳೆದವರ ಕೂದಲು ಬಿರುಸಾಗಿ, ಸೀಗೆಯಲ್ಲಿ ತೊಳೆದವರದು ತಕ್ಕಮಟ್ಟಿಗೆ ಮೆತ್ತಗಿರುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಮನೆಯಲ್ಲಿ ಪುಡಿ ಮಾಡುವ ಕ್ರಮ ಊರೂರಿಗೆ ಬೇರೆ. ಸಾಮಾನ್ಯವಾಗಿ ಸೀಗೆಕಾಯಿಯನ್ನು ಬಿಸಿಲಲ್ಲಿ ಗಳಗಳ ಸದ್ದಾಗುವಷ್ಟು ಒಣಗಿಸಿ, ಮೆಂತ್ಯ, ಹೆಸರುಕಾಳು, ಒಣಗಿದ ನಿಂಬೆ ಸಿಪ್ಪೆ ಸೇರಿಸಿ ಗಿರಣಿಗೆ ಕೊಡುತ್ತಾರೆ. ಪುಡಿ ಮಾಡಿಸುವಾಗ ಎದ್ದ ಧೂಳಿಗೆ ಸೀನು ಬರುತ್ತದೆ. ಸ್ನಾನದ ಹೊತ್ತಿಗೆ ಬೇಕಾದಷ್ಟನ್ನು ಗಂಜಿಯಲ್ಲೋ ಬಿಸಿನೀರಿನಲ್ಲೋ ಗಟ್ಟಿ ಹಿಟ್ಟಿನ ಹದಕ್ಕೆ ಕಲಸಿ ಸ್ವಲ್ಪ ಹೊತ್ತು ನೆನೆಯಬಿಡಬೇಕು. ನೆನೆದಷ್ಟೂ ಸಪೋನಿನ್ ಬಿಡುತ್ತದೆ. ಗಂಜಿಯ ಪಿಷ್ಟ, ಮೆಂತ್ಯದ ಲೋಳೆ, ಮಲೆನಾಡು–ಕರಾವಳಿಯಲ್ಲಿ ಬಳಸುವ ದಾಸವಾಳದ ಎಲೆಯ ಲೋಳೆ ಇವೆಲ್ಲ ಎಳೆಗಳ ಮೇಲೆ ತೆಳ್ಳಗೆ ಹರಡಿ ಜಾರುವಂತೆ ಮಾಡುತ್ತವೆ. ಅಂದರೆ ಕಂಡಿಷನರ್‌ನ ಕೆಲಸ ಇಲ್ಲೇ ಆಗಿಹೋಗುತ್ತದೆ. ಬಯಲುಸೀಮೆಯ ಕೆಲವು ಮನೆಗಳಲ್ಲಿ ಚಿಗರೆ ಮರದ ಎಲೆಯ ಪುಡಿಯೂ ಈ ಸಾಲಿನಲ್ಲಿದೆ.

ಸೀಗೆಗೆ ಕುಂದುಗಳಿಲ್ಲವೆಂದಲ್ಲ. ಕಣ್ಣಿಗೆ ಬಿದ್ದರೆ ವಿಪರೀತ ಉರಿಯುತ್ತದೆ, ಮಕ್ಕಳು ಅಳುವುದು ಅದಕ್ಕೇ. ಪುಡಿಯ ತರಿ ಬುಡದಲ್ಲಿ ಉಳಿದರೆ ತುರಿಸುತ್ತದೆ, ಜಾಲಾಡಲು ನೀರು ಬಹಳ ಬೇಕು. ಪುಡಿಯನ್ನು ವಸ್ತ್ರಗಾಳ ಮಾಡಿಕೊಂಡರೆ, ಅಥವಾ ಕಾಯಿಯನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಕುದಿಸಿ ಸೋಸಿದ ರಸವನ್ನು ಬಳಸಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಎಣ್ಣೆ

ಯುಗಾದಿಗೂ ನರಕ ಚತುರ್ದಶಿಗೂ ಅಭ್ಯಂಜನ, ಅಂದರೆ ಎಣ್ಣೆ ಸ್ನಾನ, ಮಾಡುವ ಸಂಪ್ರದಾಯವಿದೆ. ದೀಪಾವಳಿಯ ಮುನ್ನಾದಿನ ಬಚ್ಚಲ ಹಂಡೆಯನ್ನು ತೊಳೆದು ನೀರು ತುಂಬುವುದೇ ಒಂದು ಹಬ್ಬ. ಹೆಂಗಸರಿಗೆ ಮಂಗಳವಾರ, ಶುಕ್ರವಾರ, ಗಂಡಸರಿಗೆ ಶನಿವಾರ ಎಂದು ಎಣ್ಣೆ ಸ್ನಾನದ ವಾರಗಳನ್ನು ಪಾಲಿಸುವ ಮನೆಗಳು ಇನ್ನೂ ಇವೆ. ವಾಗ್ಭಟನ ಅಷ್ಟಾಂಗಹೃದಯ ದಿನಚರಿಯ ಭಾಗದಲ್ಲಿ ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಎಣ್ಣೆ ಹಚ್ಚಬೇಕೆನ್ನುತ್ತದೆ. ಬಿಸಿನೀರು ಮೈಗೆ ಬಲ ಕೊಟ್ಟರೂ ತಲೆಗೆ ಸುರಿದರೆ ಕೂದಲಿಗೂ ಕಣ್ಣಿಗೂ ಕೇಡು ಎಂದೂ ಅದರಲ್ಲಿದೆ. ಇಂದಿನ ಚರ್ಮವೈದ್ಯರೂ ತಲೆಗೆ ಉಗುರುಬೆಚ್ಚಗಿನ ನೀರು ಸಾಕೆನ್ನುತ್ತಾರೆ.

ಎಲ್ಲ ಎಣ್ಣೆಯೂ ಒಂದೇ ರೀತಿ ಕೆಲಸ ಮಾಡುವುದಿಲ್ಲ. ಆರತಿ ರೇಲೆ ಮತ್ತು ಆರ್. ಬಿ. ಮೊಹಿಲೆ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲಗಳನ್ನು ಹೋಲಿಸಿ ನೋಡಿದರು. ತೊಳೆಯುವಾಗ ಕೂದಲಿನಿಂದ ಪ್ರೋಟೀನ್ ಸೋರುವುದನ್ನು ಗಣನೀಯವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರ ಸುಮಾರು ಅರ್ಧದಷ್ಟಿರುವ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರವಾದದ್ದು. ಆದ್ದರಿಂದ ಅದು ಎಳೆಯೊಳಕ್ಕೆ ಇಳಿಯಬಲ್ಲದು. ಸಂಶೋಧಕರು ಕೊಬ್ಬರಿ ಎಣ್ಣೆ ಮಾರುವ ಕಂಪನಿಗೆ ಸೇರಿದವರೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಓದಬೇಕು, ಆದರೆ ಅವರು ಕೊಟ್ಟ ರಾಸಾಯನಿಕ ವಿವರಣೆ ಗಟ್ಟಿಯಾಗಿದೆ. ಎಣ್ಣೆಯ ಲಾಭ ಹೆಚ್ಚು ಸಿಗುವುದು ತೊಳೆಯುವುದಕ್ಕೆ ಮುಂಚೆ ಹಚ್ಚಿದಾಗ. ಆಗ ನೀರು ಒಳಹೊಕ್ಕು ಎಳೆ ಉಬ್ಬುವುದು ಕಡಿಮೆಯಾಗುತ್ತದೆ. ಹರಳೆಣ್ಣೆ ಬಹಳ ಮಂದ, ಹೊರಗೇ ನಿಂತು ಹೊಳಪು ಕೊಡುತ್ತದೆ, ತೊಳೆದುಹೋಗುವುದೂ ಕಷ್ಟ. ಎಣ್ಣೆಯಿಂದ ಹೊಸ ಕೂದಲು ಹುಟ್ಟುತ್ತದೆ ಎಂಬ ನಂಬಿಕೆಗೆ ಆಧಾರ ಸಾಲದು.

ಶಾಂಪೂ

ಬರ್ಲಿನ್ನಿನ ಔಷಧಿ ವ್ಯಾಪಾರಿ ಹಾನ್ಸ್ ಶ್ವಾರ್ಜ್‌ಕಾಫ್ 1903ರಲ್ಲಿ ನೀರಿನಲ್ಲಿ ಕಲಸಿ ಬಳಸುವ ಪುಡಿ ಶಾಂಪೂವನ್ನು ಮಾರುಕಟ್ಟೆಗೆ ತಂದ. ಸೋಪಿನ ಬದಲು ಕೃತಕ ಮಾರ್ಜಕದಿಂದ ಮಾಡಿದ ಡ್ರೀನ್ ಶಾಂಪೂ ಅಮೆರಿಕದಲ್ಲಿ ಬಂದದ್ದು 1934ರಲ್ಲಿ. ಈ ಬದಲಾವಣೆಯ ಬೆಲೆ ಗಡಸುನೀರಿನ ಊರಿನವರಿಗೆ ಗೊತ್ತು. ಕೊಳವೆಬಾವಿಯ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಡನೆ ಸೇರಿ ಕರಗದ ಬೂದಿಬಣ್ಣದ ಗಸಿಯಾಗಿ ಕೂದಲಿಗೆ ಅಂಟುತ್ತವೆ. ಕೃತಕ ಮಾರ್ಜಕದಲ್ಲಿ ಈ ಗಸಿ ಕಟ್ಟುವುದಿಲ್ಲ.

ಭಾರತದಲ್ಲಿ ಶಾಂಪೂ ಮೊದಲು ದೊಡ್ಡ ಬಾಟಲಿಯಾಗಿ ಉಳ್ಳವರ ಬಚ್ಚಲಲ್ಲಿತ್ತು. ಅದನ್ನು ಹಳ್ಳಿಯ ಗೂಡಂಗಡಿಗೆ ಇಳಿಸಿದ್ದು ಸ್ಯಾಷೆ. ತಮಿಳುನಾಡಿನ ಕಡಲೂರಿನ ಚಿನ್ನಿ ಕೃಷ್ಣನ್ ಈ ಪುಟ್ಟ ಪೊಟ್ಟಣದ ವ್ಯಾಪಾರಕ್ಕೆ ದಾರಿ ತೆರೆದರು, ಅವರ ಮಗ ಸಿ. ಕೆ. ರಂಗನಾಥನ್ 1983ರಲ್ಲಿ ಚಿಕ್ ಶಾಂಪೂ ಶುರುಮಾಡಿದರು. ಅಂಗಡಿಯ ಮುಂದೆ ತೋರಣದಂತೆ ತೂಗುವ ಸ್ಯಾಷೆಗಳು ಸೀಗೆಯ ಕಾಲವನ್ನು ಬಹುಬೇಗ ಹಿಂದಕ್ಕೆ ತಳ್ಳಿದವು. ಖಾಲಿ ಪೊಟ್ಟಣ ಮಾತ್ರ ಕೆರೆಯ ದಂಡೆಯಲ್ಲಿ ಕೊಳೆಯದೆ ಉಳಿದಿದೆ.

ಶಾಂಪೂವಿನ ಜೀವಾಳ ಸೋಡಿಯಂ ಲಾರೆತ್ ಸಲ್ಫೇಟ್‌ನಂಥ ಮಾರ್ಜಕ. ಅದರ ಅಣುಗಳು ಜಿಡ್ಡಿನ ಹನಿಯನ್ನು ಸುತ್ತುವರಿದು ನೀರಿನಲ್ಲಿ ತೇಲಿಸುತ್ತವೆ. ಕೋಕಮಿಡೋಪ್ರೊಪೈಲ್ ಬೀಟೈನ್‌ನಂಥ ಸೌಮ್ಯ ಮಾರ್ಜಕವನ್ನು ಸೇರಿಸಿ ಅದರ ಖಾರವನ್ನು ತಗ್ಗಿಸುತ್ತಾರೆ. ನೊರೆಯನ್ನು ನೋಡಿ ಶುಚಿಯನ್ನು ಅಳೆಯಲಾಗದು. ಎಣ್ಣೆ ಹಚ್ಚಿದ ತಲೆಯಲ್ಲಿ ಮೊದಲ ಸುತ್ತಿಗೆ ನೊರೆ ಏಳುವುದೇ ಇಲ್ಲ, ಆದರೂ ಎಣ್ಣೆ ಬಿಟ್ಟಿರುತ್ತದೆ. ಅದೇ ಅಳತೆಯ ಶಾಂಪೂ ಎರಡನೆಯ ಸುತ್ತಿಗೆ ಬೆಳ್ಳಗೆ ಉಕ್ಕುತ್ತದೆ. ಬಾಟಲಿಯ ಮೇಲೆ ಸೀಗೆ, ನೆಲ್ಲಿಯ ಚಿತ್ರವಿದ್ದರೂ ಹಿಂಬದಿಯ ಪದಾರ್ಥಗಳ ಪಟ್ಟಿಯಲ್ಲಿ ನೀರಿನ ನಂತರ ಸಲ್ಫೇಟಿನ ಹೆಸರಿದ್ದರೆ ತೊಳೆಯುವುದು ಆ ಸಲ್ಫೇಟೇ.

ಶಾಂಪೂವನ್ನು ಅಂಗೈಯಲ್ಲಿ ನೀರು ಬೆರೆಸಿ ತೆಳುಮಾಡಿ, ನೆತ್ತಿಗೆ ಹಚ್ಚಿ, ಉಗುರು ತಾಗಿಸದೆ ಬೆರಳ ತುದಿಯಿಂದ ಉಜ್ಜಬೇಕು. ಇಳಿದುಹೋಗುವ ನೊರೆಯೇ ಉದ್ದದ ಕೂದಲಿಗೆ ಸಾಕು. ಬಟ್ಟೆ ಒಗೆದ ಹಾಗೆ ಜಡೆಯನ್ನು ಗುಡ್ಡೆ ಮಾಡಿ ತಿಕ್ಕಬಾರದು.

ಕಂಡಿಷನರ್

ತೊಳೆದ ಕೂದಲ ಮೇಲೆ ಋಣ ವಿದ್ಯುದಂಶವಿರುತ್ತದೆ. ಸವೆದ ಜಾಗದಲ್ಲಿ ಅದು ಇನ್ನೂ ಹೆಚ್ಚು. ಕಂಡಿಷನರ್‌ನಲ್ಲಿರುವ ಸೆಟ್ರಿಮೋನಿಯಂ, ಬೆಹೆನ್‌ಟ್ರಿಮೋನಿಯಂ ಕ್ಲೋರೈಡ್‌ಗಳಿಗೆ ಧನ ವಿದ್ಯುದಂಶ. ಆದ್ದರಿಂದ ಅವು ಹಾನಿಯಾದ ತುದಿಯನ್ನು ತಾವೇ ಹುಡುಕಿಕೊಂಡು ಹೋಗಿ ಅಂಟುತ್ತವೆ, ನೀರು ಹಾಕಿದರೂ ತೆಳುಪದರವಾಗಿ ಉಳಿಯುತ್ತವೆ. ಜೊತೆಗಿರುವ ಸೀಟೈಲ್, ಸ್ಟಿಯರೈಲ್ ಆಲ್ಕೋಹಾಲುಗಳು ಹೆಸರಿಗೆ ಆಲ್ಕೋಹಾಲಾದರೂ ಮೇಣದಂಥ ಮೃದು ಕೊಬ್ಬುಗಳು, ಒಣಗಿಸುವುದಿಲ್ಲ. ಸಿಲಿಕೋನ್ ಎಳೆಗಳ ನಡುವಿನ ಘರ್ಷಣೆ ತಗ್ಗಿಸುತ್ತದೆ. ಅದು ಕೂದಲನ್ನು ಉಸಿರುಗಟ್ಟಿಸುತ್ತದೆ ಎಂಬ ಮಾತಿಗೆ ಅರ್ಥವಿಲ್ಲ, ನಿರ್ಜೀವ ಎಳೆ ಉಸಿರಾಡುವುದಿಲ್ಲ. ತೆಳುಗೂದಲನ್ನು ಮಾತ್ರ ಅದು ಹೆಚ್ಚಾದರೆ ಜೋತುಬೀಳಿಸಬಹುದು.

ನೀರು ಹಿಂಡಿ, ಕಿವಿಯ ಮಟ್ಟದಿಂದ ಕೆಳಕ್ಕೆ ಹಚ್ಚಿ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ, ಒಂದೆರಡು ನಿಮಿಷ ಬಿಟ್ಟು ತೊಳೆದರೆ ಸಾಕು. ಗುಂಗುರು ಕೂದಲಿನವರಿಗೆ ಇದು ಬಿಡಬಾರದ ಹಂತ. ಬುಡದ ಜಿಡ್ಡು ಸುರುಳಿಗಳನ್ನು ದಾಟಿ ತುದಿಗೆ ಸುಲಭವಾಗಿ ಇಳಿಯುವುದಿಲ್ಲವಾದ್ದರಿಂದ ಅವರ ಕೂದಲು ಒಣಗಿರುವುದೇ ಹೆಚ್ಚು. ಒರೆಸಲು ದಪ್ಪ ಟವೆಲ್ಲಿಗಿಂತ ಹಳೆಯ ಹತ್ತಿ ಪಂಚೆ ಮೇಲು. ತಿಕ್ಕದೆ ಒತ್ತಿ ನೀರು ಹೀರಿಸಬೇಕು.

ಎಷ್ಟು ಸಲ, ಯಾವಾಗ ವೈದ್ಯರ ಬಳಿಗೆ

ಬೆವರುವವರು, ಜಿಡ್ಡುನೆತ್ತಿಯವರು ದಿನ ಬಿಟ್ಟು ದಿನ ತೊಳೆದರೂ ತಪ್ಪಿಲ್ಲ. ಒಣ ಕೂದಲಿಗೆ ವಾರಕ್ಕೊಮ್ಮೆ ಸಾಕಾಗಬಹುದು.

ತಲೆಹೊಟ್ಟು ನೆತ್ತಿಯಲ್ಲಿ ಎಲ್ಲರಿಗೂ ಇರುವ ಮಲಸೀಜಿಯ ಎಂಬ ಶಿಲೀಂಧ್ರಕ್ಕೆ ಸಂಬಂಧಿಸಿದ್ದು. ಅದರ ಆಹಾರ ಕೊಬ್ಬು. ಹೊಟ್ಟು ಉದುರುವುದನ್ನು ಕಂಡು 'ತಲೆ ಒಣಗಿದೆ' ಎಂದು ಎಣ್ಣೆ ತುಂಬುವುದು ಬಹಳ ಮನೆಗಳಲ್ಲಿ ನಡೆಯುವ ತಪ್ಪು, ಅದರಿಂದ ತೊಂದರೆ ಬೆಳೆಯುತ್ತದೆ. ಕೀಟೋಕೊನಜೋಲ್ ಎಂಬ ಶಿಲೀಂಧ್ರನಾಶಕ ಇರುವ ಶಾಂಪೂವನ್ನು ನೆತ್ತಿಗೆ ಹಚ್ಚಿ 3ರಿಂದ 5 ನಿಮಿಷ ಬಿಟ್ಟು ತೊಳೆಯಬೇಕು. ಹಚ್ಚಿದ ಕೂಡಲೆ ತೊಳೆದರೆ ಔಷಧಿಗೆ ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ.

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ವಾರಕ್ಕೊಮ್ಮೆ ತೊಳೆಯುವವರಿಗೆ ಆರೇಳು ದಿನ ಸಡಿಲವಾಗಿ ಕೂತದ್ದೆಲ್ಲ ಒಟ್ಟಿಗೆ ಬಂದು ಬಚ್ಚಲ ತೂಬಿನಲ್ಲಿ ಮುದ್ದೆಯಾಗಿ ಕಾಣುತ್ತದೆ. ಆ ಭಯಕ್ಕೆ ತೊಳೆಯುವುದನ್ನೇ ಮುಂದೂಡಿದರೆ ಮುಂದಿನ ಸಲ ಮುದ್ದೆ ಇನ್ನೂ ದೊಡ್ಡದಾಗುತ್ತದೆ. ಹೆರಿಗೆಯಾದ ಕೆಲವು ತಿಂಗಳಿಗೆ, ಟೈಫಾಯ್ಡ್, ಡೆಂಗಿಯಂಥ ಜ್ವರ ಬಂದುಹೋದ ಎರಡು ಮೂರು ತಿಂಗಳಿಗೆ ಹಿಡಿಹಿಡಿಯಾಗಿ ಉದುರುವುದುಂಟು. ಇದು ಬಹುಮಟ್ಟಿಗೆ ತಾನಾಗಿ ನಿಲ್ಲುತ್ತದೆ. ಆರು ತಿಂಗಳು ಕಳೆದರೂ ನಿಲ್ಲದಿದ್ದರೆ, ಬೈತಲೆ ಅಗಲವಾಗುತ್ತಿದ್ದರೆ, ಅಲ್ಲಲ್ಲಿ ದುಂಡಗೆ ಬೋಳಾದರೆ ಶಾಂಪೂ ಬದಲಿಸುತ್ತ ಕಾಲ ಕಳೆಯದೆ ಚರ್ಮವೈದ್ಯರನ್ನು ಕಂಡು ರಕ್ತದಲ್ಲಿ ಕಬ್ಬಿಣಾಂಶ, ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು.