ಲಕೋಟರ ಕರಿಯ ಬೆಟ್ಟಗಳು

ಪರರು ‘ಸೂ’ ಎಂದು ಕರೆದ ಅಮೆರಿಕಾದ ಮೂಲನಿವಾಸಿಗಳಲ್ಲಿ ಪಶ್ಚಿಮಶಾಖೆಯವರು ಲಕೋಟರು. ತಮ್ಮ ಪೂರ್ವಜರು ‘ಪಹಾ ಸಾಪಾ’ ಎಂಬ ಕರಿಯ ಬೆಟ್ಟಗಳಲ್ಲಿ, ಉಸಿರಾಡುವಂತೆ ಗಾಳಿಯನ್ನು ಸೆಳೆದು ಬಿಡುವ ಒಂದು ಗುಹೆಯಿಂದ ಭೂಮಿಯ ಮೇಲಕ್ಕೆ ಬಂದರೆಂಬುದು ಅವರ ಐತಿಹ್ಯ. 1868ರ ಕೌಲಿನಿಂದ ಅಮೆರಿಕಾ ಸರಕಾರವು ಆ ಬೆಟ್ಟಗಳನ್ನು ಅವರಿಗೇ ಬಿಟ್ಟಿದ್ದಿತು. 1874ರಲ್ಲಿ ಅಲ್ಲಿ ಚಿನ್ನ ದೊರೆಯಿತು; 1877ರಲ್ಲಿ ಬೆಟ್ಟಗಳು ಅವರ ಕೈಬಿಟ್ಟುವು. (ಚಿನ್ನಕ್ಕೂ ಕೊಟ್ಟ ಮಾತಿಗೂ ಎಣ್ಣೆ ಸೀಗೆಕಾಯಿಯ ಸಂಬಂಧವಷ್ಟೆ!) 1980ರಲ್ಲಿ ಆ ದೇಶದ ಶ್ರೇಷ್ಠ ನ್ಯಾಯಾಲಯವು ಈ ಅಪಹಾರಕ್ಕೆ ಪರಿಹಾರವು ಸಲ್ಲತಕ್ಕುದೆಂದಿತು, ಬೆಲೆ 1 ಕೋಟಿ 71 ಲಕ್ಷ ಡಾಲರು, ಅದರ ಮೇಲೆ 1877ರಿಂದ ಬಡ್ಡಿ. ಲಕೋಟರು ಅದನ್ನು ಮುಟ್ಟಲಿಲ್ಲ. ಕಡುಬಡತನದಲ್ಲಿರುವವರ ಈ ನಿರಾಕರಣವನ್ನು ಹಠವೆನ್ನುವವರುಂಟು, ಅದು ಸಾಧುವಲ್ಲ. ಮೂಲ್ಯವನ್ನು ಸ್ವೀಕರಿಸಿದೊಡನೆ ಕ್ರಯವು ಸಿದ್ಧಿಸುವುದೆಂಬ ವ್ಯವಹಾರನ್ಯಾಯವನ್ನು ಅವರು ಚೆನ್ನಾಗಿ ಬಲ್ಲರು. ಬಡ್ಡಿ ಬೆಳೆದು 100 ಕೋಟಿ ಡಾಲರುಗಳನ್ನು ಮೀರಿದ ಆ ಮೊತ್ತವು ಇಂದಿಗೂ ಸರಕಾರದ ಲೆಕ್ಕದಲ್ಲಿಯೇ ಇರುವುದು. ಅವರು ಕೇಳುವುದು ಬೆಟ್ಟಗಳನ್ನು.