ಮನೆ ಅಂಗಳದಾಗ ಮಳೆ ಲೆಕ್ಕ: ಅಳೆಯೋದು ಹೆಂಗ, ಬರೆದಿಡೋದು ಯಾಕ?

ಮಮದಾಪುರ (ಗೋಕಾಕ): ರಾತ್ರಿ ಮಳೆ ಬಂದರೆ ಬೆಳಗ್ಗೆ ಚಹಾದಂಗಡಿ ಮುಂದೆ ಮೊದಲು ಕೇಳುವ ಮಾತು, ‘ನಿಮ್ಮ ಕಡೆ ಮಳಿ ಎಷ್ಟ ಆತ್ರಿ?’ ‘ಗೇಣ ಹಸಿ ಆಗೇತಿ’ ಅಂತ ಒಬ್ಬರು, ‘ಬರೇ ಧೂಳ ಅಡಗೇತಿ’ ಅಂತ ಇನ್ನೊಬ್ಬರು. ಇಬ್ಬರದೂ ಖರೇ ಇರಬಹುದು. ಗುಡುಗು ಮಳೆ ಒಂದು ಊರಲ್ಲಿ ಹೊಲದ ಬದು ಒಡೆಯುವಷ್ಟು ಸುರಿದು, ಪಕ್ಕದ ಊರಲ್ಲಿ ಹನಿ ಉದುರಿಸದೇ ಹೋಗುವುದು ಈ ಭಾಗಕ್ಕೆ ಹೊಸದಲ್ಲ. ಆದರೆ ಸರ್ಕಾರದ ಕಾಗದದಲ್ಲಿ ಗೇಣು, ಧೂಳು ನಡೆಯುವುದಿಲ್ಲ. ಅಲ್ಲಿ ನಡೆಯುವುದು ಮಿಲಿಮೀಟರ್ ಮಾತ್ರ. ಈ ಲೆಕ್ಕವನ್ನು ಮನೆಯಲ್ಲೇ ಇಡುವುದು ಕಷ್ಟದ ಕೆಲಸ ಏನಲ್ಲ.

*ಒಂದು ಮಿ.ಮೀ. ಅಂದ್ರೆ ಎಷ್ಟು ನೀರು?*

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲೀಟರ್ ನೀರು ಬಿದ್ದರೆ ಅದು 1 ಮಿ.ಮೀ. ಮಳೆ. ಒಂದು ಎಕರೆಗೆ ಲೆಕ್ಕ ಹಾಕಿದರೆ ಸುಮಾರು 4,047 ಲೀಟರ್, ಅಂದರೆ ಹೆಚ್ಚು ಕಡಿಮೆ ಒಂದು ಸಣ್ಣ ಟ್ಯಾಂಕರ್. 20 ಮಿ.ಮೀ. ಮಳೆಯಾದರೆ ಎಕರೆಗೆ 80 ಸಾವಿರ ಲೀಟರ್ ಮೇಲೆ ನೀರು ಬಿದ್ದಂಗ.

ಭಾರತೀಯ ಹವಾಮಾನ ಇಲಾಖೆ ಪ್ರಕಾರ 24 ತಾಸಿನಲ್ಲಿ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಮಾತ್ರ ಅದು ‘ಮಳೆಯ ದಿನ’. 15.5ರವರೆಗೆ ಹಗುರ ಮಳೆ, 15.6ರಿಂದ 64.4 ಸಾಧಾರಣ, 64.5ರಿಂದ 115.5 ಭಾರಿ, 115.6ರಿಂದ 204.4 ಅತಿ ಭಾರಿ. ಅದಕ್ಕೂ ಮೇಲಿನದು ಅತ್ಯಂತ ಭಾರಿ ಮಳೆ. ಟಿವಿಯಲ್ಲಿ ‘ಭಾರಿ ಮಳೆ ಸಾಧ್ಯತೆ’ ಅಂದರೆ ಕನಿಷ್ಠ 64.5 ಮಿ.ಮೀ. ಅಂತ ತಿಳಿಯಬೇಕು.

*ಅಳೆಯೋದು ಹೆಂಗ?*

ಅಡ್ಡಗೆರೆ ಇರುವ ಪ್ಲಾಸ್ಟಿಕ್ ಮಳೆಮಾಪಕ ಸಾಕು. ಅದೂ ಇಲ್ಲದಿದ್ದರೆ ತಳದಿಂದ ಬಾಯಿವರೆಗೆ ಒಂದೇ ಅಗಲ ಇರುವ, ತಳ ಸಪಾಟಾಗಿರುವ ಡಬ್ಬಿ ಇಟ್ಟು, ನಿಂತ ನೀರಿನ ಆಳವನ್ನು ಸ್ಕೇಲಿನಿಂದ ನೋಡಬಹುದು. ಡಬ್ಬಿ ದೊಡ್ಡದಿರಲಿ ಸಣ್ಣದಿರಲಿ, ಆಳ ಒಂದೇ ಬರುತ್ತದೆ. ಬಕೆಟ್ ಮಾತ್ರ ಬೇಡ. ಮೇಲೆ ಅಗಲ, ಕೆಳಗೆ ಸಣ್ಣ ಇರುವುದರಿಂದ ಲೆಕ್ಕ ತಪ್ಪುತ್ತದೆ.

ಮೊಬೈಲಿಗೆ ಲೆಕ್ಕ ಕಳಿಸುವ ವಿದ್ಯುನ್ಮಾನ ಯಂತ್ರದಲ್ಲಿ ತಕ್ಕಡಿಯಂಥ ಎರಡು ಸಣ್ಣ ಬಟ್ಟಲು ಇರುತ್ತವೆ. ಒಂದು ತುಂಬಿ ಬಾಗಿದಾಗ ಇನ್ನೊಂದು ಮೇಲೆ ಬರುತ್ತದೆ. ಎಷ್ಟು ಸಲ ಬಾಗಿತು ಅನ್ನುವುದೇ ಮಳೆ ಲೆಕ್ಕ. ಎಲೆ, ಹಕ್ಕಿ ಹಿಕ್ಕೆ, ಇರುವೆ ಗೂಡು ಸಿಕ್ಕಿಕೊಂಡರೆ ಯಂತ್ರ ಸುಳ್ಳು ಹೇಳುತ್ತದೆ. ಮಿರಗ ಮಳೆಗೆ ಮೊದಲು ಒಮ್ಮೆ ತೆಗೆದು ತೊಳೆಯುವುದು ಛಲೋ.

ಯಾವುದೇ ಮಾಪಕ ಇರಲಿ, ಜಾಗ ಮುಖ್ಯ. ಬಾಯಿ ನೆಲದಿಂದ ಸುಮಾರು 30 ಸೆಂ.ಮೀ. ಎತ್ತರದಲ್ಲಿ, ಸಮತಟ್ಟಾಗಿರಬೇಕು. 10 ಅಡಿ ಗೋಡೆ ಇದ್ದರೆ ಅದರಿಂದ ಕನಿಷ್ಠ 20 ಅಡಿ ದೂರ ಇಡಬೇಕು. ಗಿಡದ ಕೆಳಗೆ, ತಗಡಿನ ಅಂಚಿಗೆ ಇಟ್ಟರೆ ಉಪಯೋಗ ಇಲ್ಲ. ಉಷ್ಣಾಂಶ ನೋಡುವ ಥರ್ಮಾಮೀಟರ್‌ಗೆ ಬಿಸಿಲು ತಾಗಬಾರದು. ಗಾಳಿ ಆಡುವ ನೆರಳಲ್ಲಿ, ಎದೆಮಟ್ಟದಲ್ಲಿ ಇರಬೇಕು. ಮಾಳಿಗೆ ಮೇಲೆ ಬಿಸಿಲಿಗಿಟ್ಟ ಥರ್ಮಾಮೀಟರ್ ತೋರಿಸುವುದು ಊರಿನ ಬಿಸಿಲಲ್ಲ, ಮಾಳಿಗೆಯ ಕಾವು.

*ಬೆಳಗ್ಗೆ 8.30 ಯಾಕ?*

ಹವಾಮಾನ ಇಲಾಖೆಯ ದಿನ ಶುರುವಾಗುವುದು ಬೆಳಗ್ಗೆ 8.30ಕ್ಕೆ. ನಿನ್ನೆ 8.30ರಿಂದ ಇವತ್ತು 8.30ರವರೆಗೆ ಬಿದ್ದದ್ದನ್ನು ಇವತ್ತಿನ ತಾರೀಖಿಗೆ ಬರೆಯುತ್ತಾರೆ. ಮನೆಯಲ್ಲೂ ಅದೇ ಹೊತ್ತಿಗೆ ನೋಡಿ, ಬರೆದು, ನೀರು ಚೆಲ್ಲಿದರೆ ಮಾತ್ರ ಸರ್ಕಾರದ ಲೆಕ್ಕದ ಜೊತೆ ಹೋಲಿಸಲು ಬರುತ್ತದೆ. ಮಳೆ ಇಲ್ಲದ ದಿನವೂ ‘0’ ಬರೆಯಬೇಕು. ಖಾಲಿ ಬಿಟ್ಟರೆ ಮಳೆ ಇರಲಿಲ್ಲವೋ, ನೋಡುವುದೇ ಮರೆತಿತ್ತೋ ಗೊತ್ತಾಗುವುದಿಲ್ಲ.

*ಸರ್ಕಾರದ ಲೆಕ್ಕ ಎಲ್ಲಿ ಸಿಗತೈತಿ?*

1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದ ಸಂಸ್ಥೆಯೇ ಇವತ್ತಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇದರ ಸ್ವಯಂಚಾಲಿತ ಮಳೆಮಾಪಕಗಳಿದ್ದು, 15 ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಮಾಹಿತಿ ಕಳಿಸುತ್ತವೆ. ಹೋಬಳಿ ಮಟ್ಟದ ಕೇಂದ್ರಗಳು ಉಷ್ಣಾಂಶ, ತೇವಾಂಶ, ಗಾಳಿಯನ್ನೂ ಅಳೆಯುತ್ತವೆ. ಇದೇ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿ 92433 45433ಕ್ಕೆ ಫೋನ್ ಮಾಡಿ ಮಳೆ ಮುನ್ಸೂಚನೆ ಕೇಳಬಹುದು.

*ವಿಮೆಗೆ ಮನೆ ಲೆಕ್ಕ ನಡೀತೈತೇನು?*

ಇಲ್ಲ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ನಿಗದಿಯಾಗುವುದು ಗೊತ್ತುಪಡಿಸಿದ ಅಧಿಕೃತ ಮಾಪಕದ ಲೆಕ್ಕದ ಮೇಲೆ. ನಿಮ್ಮ ಹೊಲ ಒಣಗಿ, ಮಾಪಕ ಇರುವ ಕಡೆ ಮಳೆಯಾಗಿದ್ದರೆ ಕಾಗದದಲ್ಲಿ ಮಳೆಯಾದಂಗೇ. ಹಾಗಂತ ಮನೆ ಲೆಕ್ಕ ವ್ಯರ್ಥವಲ್ಲ. ತಿಂಗಳುಗಟ್ಟಲೆ ತಾರೀಖಿನ ಸಮೇತ ಬರೆದ ವಹಿ ಇದ್ದರೆ, ಎರಡೂ ಲೆಕ್ಕದ ನಡುವೆ ಎಷ್ಟು ಫರಕು ಐತಿ ಅಂತ ಪಂಚಾಯಿತಿಯಲ್ಲಿ, ರೈತ ಸಂಪರ್ಕ ಕೇಂದ್ರದಲ್ಲಿ ಅಂಕಿ ಇಟ್ಟು ಕೇಳಬಹುದು. ‘ಮಳಿ ಆಗಿಲ್ರಿ’ ಅನ್ನುವ ಬಾಯಿಮಾತಿಗಿಂತ ಅದಕ್ಕೆ ತೂಕ ಹೆಚ್ಚು.

ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು ಮಳೆಯಂಥ ಸ್ಥಳೀಯ ಹಾನಿಯಾದರೆ 72 ತಾಸಿನೊಳಗೆ ತಿಳಿಸಬೇಕು. ಮಳೆ ಯಾವಾಗ ಬಿತ್ತು, ಎಷ್ಟು ಬಿತ್ತು ಅಂತ ಬರೆದಿಟ್ಟವರಿಗೆ ಅರ್ಜಿ ಹೊತ್ತಿನಲ್ಲಿ ತಡಕಾಡುವ ಪಾಳಿ ಬರುವುದಿಲ್ಲ.

*ಹೊಳಿ ಲೆಕ್ಕನೇ ಬ್ಯಾರೆ*

ಅಂಗಳದ ಮಾಪಕದಲ್ಲಿ ನೀರಿಲ್ಲ ಅಂತ ಹೊಳೆ ದಂಡೆಯವರು ನಿಶ್ಚಿಂತೆಯಿಂದ ಇರುವಂತಿಲ್ಲ. ಘಟಪ್ರಭಾ, ಹಿರಣ್ಯಕೇಶಿ ತುಂಬುವುದು ಪಶ್ಚಿಮ ಘಟ್ಟದ ಮಳೆಗೆ. 2019ರ ಆಗಸ್ಟ್‌ನಲ್ಲಿ ಗೋಕಾಕದ ಮನೆ, ಅಂಗಡಿಗಳಿಗೆ ನೀರು ನುಗ್ಗಿದ್ದನ್ನು ವ್ಯಾಪಾರಸ್ಥರು ಮರೆತಿಲ್ಲ. ಹಂಗಾಗಿ ಮಳೆಗಾಲದಲ್ಲಿ ಅಂಗಡಿ ಮಾಲು ಮೇಲೆತ್ತಬೇಕೋ ಬೇಡವೋ ಅನ್ನುವುದಕ್ಕೆ ಹಿಡಕಲ್ ಜಲಾಶಯದ ಒಳಹರಿವು, ಹೊರಹರಿವು ನೋಡಬೇಕು. ಬಿತ್ತಬೇಕೋ, ಔಷಧ ಹೊಡೆಯಬೇಕೋ, ನೀರು ಹಾಯಿಸಬೇಕೋ ಅನ್ನುವುದಕ್ಕೆ ಅಂಗಳದ ಮಾಪಕ ನೋಡಬೇಕು.

ಒಂದು ವಹಿ, ಒಂದು ಪೆನ್ನು, ದಿನಕ್ಕೆ ಎರಡು ನಿಮಿಷ: ಖರ್ಚು ಇಷ್ಟೇ. ತಾರೀಖು, ಮಳೆ, ಹೆಚ್ಚಿನ ಮತ್ತು ಕಡಿಮೆ ಉಷ್ಣಾಂಶ, ಗಾಳಿ ದಿಕ್ಕು ಬರೆಯಲು ಐದು ಸಾಲು ಮಾಡಿಕೊಂಡರೆ ಸಾಕು. ಈ ವರ್ಷದ ಮಿರಗಕ್ಕೆ ಶುರು ಮಾಡಿದರೆ, ಮುಂದಿನ ಮಿರಗಕ್ಕೆ ‘ಹೋದ ವರ್ಷ ಹೆಂಗಿತ್ತು?’ ಅನ್ನುವ ಪ್ರಶ್ನೆಗೆ ಉತ್ತರ ಮನೆಯಲ್ಲೇ ಇರುತ್ತದೆ.